ಕಾರು ಓಡಿಸಿ ಅನುಭವವಿರುವವನಿಗೆ ಲಾರಿ ಲೈಸೆನ್ಸ್ ಪಡೆಯುವುದು ಎಷ್ಟು ಕಷ್ಟ? ಮೊದಲ ಕೆಲಸ ಹೇಗಿರಬೇಕು?

ಹತ್ತು ವರ್ಷ ಕಾರು ಓಡಿಸಿರುವ ತಮಗೆ ಭಾರಿ ವಾಹನದ ಪರೀಕ್ಷೆ ಎಷ್ಟು ಕಷ್ಟವಾದೀತು, ಲೈಸೆನ್ಸ್ ಕೈಗೆ ಬಂದ ಮೇಲೆ ಮೊದಲ ಕೆಲಸವನ್ನು ಹೇಗೆ ಆರಿಸಿಕೊಳ್ಳಬೇಕು ಎಂದು ನೀವು ಕೇಳಿದ್ದೀರಿ. ನಾನು ಹನ್ನೆರಡು ವರ್ಷಗಳಿಂದ ಟ್ರೇಲರ್ ಓಡಿಸುತ್ತಿದ್ದೇನೆ. ಅದಕ್ಕೆ ಮುಂಚೆ ನಿಮ್ಮಂತೆಯೇ ಕಾರಿನ ಚಾಲಕನಾಗಿದ್ದೆ. ಕಾರಿನ ಅನುಭವವು ರಸ್ತೆಯನ್ನು ಅರಿಯುವುದಕ್ಕೆ ನೆರವಾಗುತ್ತದೆ, ಆದರೆ ಲಾರಿಯನ್ನು ನಿಲ್ಲಿಸುವುದಕ್ಕೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಈ ವೃತ್ತಿಯ ಕಲಿಕೆಯಲ್ಲಿ ಬಹುಪಾಲು ಇರುವುದು ನಿಲ್ಲಿಸುವುದರಲ್ಲಿಯೇ.

ಮೊದಲ ಸಲ ನಾನು ಪರೀಕ್ಷೆಯಲ್ಲಿ ಅನುತ್ತೀರ್ಣನಾದಾಗ ವಾಹನ ಒಂದಡಿಯೂ ಮುಂದೆ ಹೋಗಿರಲಿಲ್ಲ. ಏರ್ ಬ್ರೇಕಿನ ತಪಾಸಣೆಯನ್ನು ಕ್ರಮವಾಗಿ ಮಾಡುತ್ತ, ಏನು ನೋಡುತ್ತಿದ್ದೇನೆಂದು ಬಾಯಿಬಿಟ್ಟು ಹೇಳಬೇಕಿತ್ತು. ನಡುವೆ ಪರೀಕ್ಷಕರು, ‘ಗಾಳಿಯೆಲ್ಲ ಸೋರಿಹೋದರೆ ಲಾರಿಯ ಗತಿಯೇನು?’ ಎಂದು ಕೇಳಿದರು. ಬ್ರೇಕ್ ಇಲ್ಲದೆ ಉರುಳಿಹೋಗುತ್ತದೆ ಎಂದುಬಿಟ್ಟೆ. ನಿಜ ಸಂಗತಿ ತದ್ವಿರುದ್ಧ. ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಯುವುದು ಗಾಳಿಯ ಬಲದಿಂದ, ಆದರೆ ಪಾರ್ಕಿಂಗ್ ಬ್ರೇಕನ್ನು ಹಿಡಿದಿರುವುದು ಬಲವಾದ ಸ್ಪ್ರಿಂಗ್. ಗಾಳಿಯ ಒತ್ತಡ ಆ ಸ್ಪ್ರಿಂಗನ್ನು ಅದುಮಿಟ್ಟಿರುವ ತನಕ ಮಾತ್ರ ಚಕ್ರ ತಿರುಗುತ್ತದೆ. ಹಲವು ಲಾರಿಗಳಲ್ಲಿ ಗಾಳಿಯ ಟ್ಯಾಂಕಿನ ಒತ್ತಡ 100ರಿಂದ 125 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಇರುತ್ತದೆ, 60ರ ಸುಮಾರಿಗೆ ಇಳಿದಾಗ ಎಚ್ಚರಿಕೆಯ ಸದ್ದು ಬರುತ್ತದೆ, ಇನ್ನೂ ಕುಸಿದು 45ರಿಂದ 20ರ ನಡುವೆ ಎಲ್ಲಿಯೋ ಒಂದೆಡೆ ಸ್ಪ್ರಿಂಗ್ ಬ್ರೇಕ್ ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಇದು ಅರ್ಥವಾದವರಿಗೆ ತಪಾಸಣೆಯ ಕ್ರಮವನ್ನು ಉರು ಹೊಡೆಯುವ ಅಗತ್ಯವೇ ಬೀಳುವುದಿಲ್ಲ.

ಬ್ರೇಕಿನ ವಿಷಯದಲ್ಲಿ ಕಾರಿನ ಅಭ್ಯಾಸ ಇನ್ನೊಂದು ರೀತಿಯಲ್ಲಿಯೂ ಮೋಸ ಮಾಡುತ್ತದೆ. ಪೆಡಲ್ ಒತ್ತಿದ ಮೇಲೆ ಗಾಳಿ ಕೊಳವೆಗಳ ಮೂಲಕ ಚಕ್ರದವರೆಗೆ ಹರಿಯಲು ಅರ್ಧ ಸೆಕೆಂಡಿನಷ್ಟು ಹಿಡಿಯುತ್ತದೆ. 80 ಕಿಲೋಮೀಟರ್ ವೇಗದಲ್ಲಿ ಲಾರಿ ಸೆಕೆಂಡಿಗೆ 22 ಮೀಟರ್ ಸಾಗುತ್ತಿರುತ್ತದೆ ಎಂಬುದನ್ನು ಇದರೊಡನೆ ಲೆಕ್ಕ ಹಾಕಿಕೊಳ್ಳಿ. ವೇಗ ಇಮ್ಮಡಿಯಾದರೆ ಬ್ರೇಕುಗಳು ಹೀರಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹೊಸಬರು ನಂಬದ ಸಂಗತಿಯೊಂದಿದೆ: ಖಾಲಿ ಲಾರಿ ನಿಲ್ಲಲು ಕೆಲವೊಮ್ಮೆ ತುಂಬಿದ ಲಾರಿಗಿಂತ ಹೆಚ್ಚು ದೂರ ಬೇಕಾಗುತ್ತದೆ, ಏಕೆಂದರೆ ಅದರ ಬ್ರೇಕು, ಸ್ಪ್ರಿಂಗುಗಳನ್ನು ಪೂರ್ಣ ಭಾರಕ್ಕೆಂದೇ ರೂಪಿಸಿರುತ್ತಾರೆ, ಭಾರವಿಲ್ಲದಾಗ ಚಕ್ರಗಳು ನೆಲದ ಹಿಡಿತ ಕಳೆದುಕೊಂಡು ಪುಟಿಯುತ್ತವೆ, ಜಾರುತ್ತವೆ. ನನ್ನ ಟ್ರೇಲರ್ ಅಡ್ಡಕ್ಕೆ ತಿರುಗಿ ಎದೆ ಝಲ್ಲೆನಿಸಿದ ಒಂದೇ ಒಂದು ಸಂದರ್ಭದಲ್ಲಿ ಅದು ಖಾಲಿಯಾಗಿತ್ತು, ರಸ್ತೆ ಒದ್ದೆಯಾಗಿತ್ತು.

ಇಳಿಜಾರಿನಲ್ಲಿ ಗೇರನ್ನು ಇಳಿಯುವ ಮುನ್ನವೇ ತಗ್ಗಿಸಬೇಕು. ಅರ್ಧ ದಾರಿಯಲ್ಲಿ ವೇಗ ಏರಿದ ಮೇಲೆ ಕೆಳ ಗೇರು ಹಾಕಲು ಹೋದರೆ ಅದು ಬೀಳದೆ ಲಾರಿ ನ್ಯೂಟ್ರಲ್‌ನಲ್ಲಿಯೇ ಉಳಿದುಬಿಡಬಹುದು, ಆಗ ಎಂಜಿನ್ನಿನ ತಡೆಯೂ ಇಲ್ಲವಾಗುತ್ತದೆ, ಒತ್ತೊತ್ತಿ ಕಾದ ಬ್ರೇಕೂ ಹಿಡಿಯದಾಗುತ್ತದೆ. ಸುಟ್ಟ ಬ್ರೇಕ್ ಲೈನಿಂಗಿನ ವಾಸನೆ ಮೂಗಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಹಿಂದಕ್ಕೆ ಚಲಾಯಿಸುವುದು ಪರೀಕ್ಷೆಯಲ್ಲಿ ಬಹಳ ಮಂದಿಯನ್ನು ಕೆಡವುವ ಭಾಗ. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಟ್ರೇಲರಿನ ಬಾಲ ಬಲಕ್ಕೆ ಹೋಗುತ್ತದೆ, ಮನಸ್ಸು ಇದನ್ನು ಒಪ್ಪಲು ವಾರಗಳೇ ಬೇಕು. ಕೈಯನ್ನು ಸ್ಟೇರಿಂಗಿನ ಕೆಳತುದಿಯಲ್ಲಿ ಹಿಡಿದು, ಬಾಲ ಯಾವ ಕಡೆಗೆ ಹೋಗಬೇಕೋ ಕೈಯನ್ನು ಅದೇ ಕಡೆಗೆ ಸರಿಸುವ ಉಪಾಯವನ್ನು ನನಗೆ ಕಲಿಸಿದ ಹಿರಿಯ ಚಾಲಕರಿಗೆ ನಾನು ಋಣಿ. ಅದಕ್ಕಿಂತ ಮುಖ್ಯವಾದ ಅವರ ಮಾತೆಂದರೆ, ಅನುಮಾನ ಬಂದೊಡನೆ ನಿಲ್ಲಿಸಿ, ಇಳಿದು, ಹಿಂದೆ ಹೋಗಿ ಕಣ್ಣಾರೆ ನೋಡಿಕೊಂಡು ಬರಬೇಕು ಎಂಬುದು. ಕನ್ನಡಿ ಎಲ್ಲವನ್ನೂ ತೋರಿಸುವುದಿಲ್ಲ, ಚಾಲಕನಿಂದ ದೂರವಿರುವ ಬದಿಯಲ್ಲಂತೂ ಒಂದು ಕಾರೇ ಅಡಗಿ ನಿಲ್ಲಬಹುದು.

ವೈದ್ಯಕೀಯ ತಪಾಸಣೆ ಮತ್ತು ಲಿಖಿತ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ದೃಷ್ಟಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರವನ್ನು ಚಾಲನಾ ಶಾಲೆಗೆ ಶುಲ್ಕ ಕಟ್ಟುವ ಮೊದಲೇ ತಿಳಿದುಕೊಳ್ಳಿ. ಸ್ವಯಂಚಾಲಿತ ಗೇರಿನ ವಾಹನದಲ್ಲಿ ಪರೀಕ್ಷೆ ಕೊಟ್ಟವರ ಲೈಸೆನ್ಸನ್ನು ಕೆಲವು ದೇಶಗಳಲ್ಲಿ ಅಂಥ ವಾಹನಗಳಿಗಷ್ಟೇ ಸೀಮಿತಗೊಳಿಸುತ್ತಾರೆ, ಆದ್ದರಿಂದ ಸಾಧ್ಯವಿದ್ದರೆ ಕೈ ಗೇರಿನ ಲಾರಿಯಲ್ಲಿಯೇ ಕಲಿಯಿರಿ.

ಈಗ ಮೊದಲ ಕೆಲಸದ ಮಾತು. ಟ್ಯಾಂಕರಿನಿಂದ ಆರಂಭಿಸಬೇಡಿ, ಅರ್ಧ ತುಂಬಿದ ಟ್ಯಾಂಕರಿನೊಳಗಿನ ದ್ರವ, ನೀವು ನಿಲ್ಲಿಸಿದ ಮೇಲೆಯೂ ಅಲೆಯಾಗಿ ಬಂದು ಲಾರಿಯನ್ನು ಮುಂದಕ್ಕೆ ನೂಕುತ್ತದೆ. ಸಂಬಳ ಕಿಲೋಮೀಟರಿನ ಲೆಕ್ಕದಲ್ಲಿದ್ದರೆ, ಸರಕು ಏರಿಸುವ ಮತ್ತು ಇಳಿಸುವ ಕಡೆ ಕಾಯುವ ಗಂಟೆಗಳಿಗೆ ಹಣವಿದೆಯೇ ಎಂದು ಕೇಳಿ. ನನ್ನ ಮೊದಲ ವರ್ಷದಲ್ಲಿ ವಾರಕ್ಕೊಂದು ಇಡೀ ದಿನ ಹಾಗೆ ಕಾಯುವುದರಲ್ಲಿಯೇ ಕಳೆಯುತ್ತಿತ್ತು, ಅದಕ್ಕೆ ಚಿಕ್ಕಾಸೂ ಸಿಗುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ನಿದ್ರೆಯ ಬಗ್ಗೆ ಕೆಲಸ ಕೊಡುವವರ ಧೋರಣೆಯನ್ನು ತಿಳಿದುಕೊಳ್ಳಿ. ಯುರೋಪಿನ ನಿಯಮದಲ್ಲಿ ನಾಲ್ಕೂವರೆ ಗಂಟೆ ಚಾಲನೆಯ ನಂತರ 45 ನಿಮಿಷ ವಿರಾಮ ಕಡ್ಡಾಯ. ಅಮೆರಿಕದಲ್ಲಿ ಸರಕು ಸಾಗಿಸುವವರು ಸಾಮಾನ್ಯವಾಗಿ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಮಾತ್ರ ಓಡಿಸಬಹುದು. ಹದಿನೇಳು ಗಂಟೆ ಎಚ್ಚರವಿದ್ದವನ ಕೈಚಳಕ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಾಂಶವಿರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿಯೇ ಪ್ರಯೋಗದಿಂದ ತೋರಿಸಲಾಗಿದೆ. ಆದರೆ ಕಾಗದದ ಮೇಲಿನ ನಿಯಮ ರಾತ್ರಿ ಮೂರು ಗಂಟೆಗೆ ನಿಮ್ಮ ಪಕ್ಕದಲ್ಲಿ ಕುಳಿತಿರುವುದಿಲ್ಲ.

ಆದ್ದರಿಂದ ನಾನು ಕೆಲಸ ಕೇಳಿ ಹೋದ ಎರಡೂ ಕಡೆ ಒಂದೇ ಪ್ರಶ್ನೆ ಕೇಳಿದೆ: ನಿದ್ರೆ ತಡೆಯಲಾಗದೆ ಲಾರಿ ನಿಲ್ಲಿಸಿ, ಸರಕು ಮೂರು ಗಂಟೆ ತಡವಾಗಿ ತಲುಪಿದರೆ ಏನಾಗುತ್ತದೆ? ಮೊದಲನೆಯವರು ನಕ್ಕು, ‘ಅನುಭವವಿರುವವರಿಗೆ ಹಾಗಾಗುವುದಿಲ್ಲ’ ಎಂದರು. ಎರಡನೆಯವರು, ನಿಲ್ಲಿಸುವ ಮುನ್ನ ಒಂದು ಫೋನ್ ಮಾಡಿ, ಗ್ರಾಹಕರಿಗೆ ನಾವು ತಿಳಿಸುತ್ತೇವೆ ಎಂದರು. ಅವರು ಕೊಡುವ ಸಂಬಳ ಕಡಿಮೆಯಿತ್ತು. ನಾನು ಅಲ್ಲಿಯೇ ಸೇರಿಕೊಂಡೆ.