ರೈಲಿನ ಹೆಸರಿನಲ್ಲಿ ಹೆಚ್ಚು ದರ ಕೇಳಿದರೆ

ಕಾಸರಗೋಡಿನ ಹೊರವಲಯದಲ್ಲಿ 10 ಸೆಂಟ್ಸ್ ಜಾಗ ಕೊಂಡಿಟ್ಟರೆ ಸಿಲ್ವರ್‌ಲೈನ್ (ಕೇರಳ ಯೋಚಿಸಿದ್ದ ತಿರುವನಂತಪುರ–ಕಾಸರಗೋಡು ವೇಗದ ರೈಲು) ಬಂದಾಗ ಬೆಲೆ ಏರೀತೇ ಎಂದು ಕೇಳಿದ್ದೀರಿ. ಆ ರೈಲಿನ ಹೆಸರು ಹೇಳಿ ಕೇಳುವ ಹೆಚ್ಚಿನ ದರವನ್ನು ದಯವಿಟ್ಟು ಕೊಡಬೇಡಿ. ಕೇಂದ್ರದ ಅಂತಿಮ ಒಪ್ಪಿಗೆ ಸಿಗದೆ, ಭೂಸ್ವಾಧೀನದ ಸಿಬ್ಬಂದಿಯನ್ನು 2022ರ ನವೆಂಬರಿನಲ್ಲೇ ಕೇರಳ ಸರಕಾರ ಹಿಂದಕ್ಕೆ ಕರೆಸಿಕೊಂಡಿತ್ತು.

ಬೆಲೆ ಏರಿಸುವುದು ಹಳಿಯಲ್ಲ, ನಿಲ್ದಾಣ. ಸುಮಾರು 530 ಕಿ.ಮೀ. ಮಾರ್ಗಕ್ಕೆ ಯೋಚಿಸಿದ್ದು 11 ನಿಲ್ದಾಣ ಮಾತ್ರ. ನಿಲ್ದಾಣ ಬಂದರೂ ಊರು ತಾನಾಗಿ ಬೆಳೆಯುವುದಿಲ್ಲ. ಜಪಾನಿನ ಶಿನ್-ಯೊಕೊಹಾಮಾ 1964ರಲ್ಲಿ ಹೊಲಗದ್ದೆಗಳ ನಡುವೆ ತೆರೆಯಿತು; ಅದರ ಸುತ್ತ ಪೇಟೆ ಬೆಳೆದದ್ದು ಮುಖ್ಯವಾಗಿ 1985ರಲ್ಲಿ ನಗರದ ಮೆಟ್ರೊ ಅಲ್ಲಿಗೆ ಮುಟ್ಟಿದ ಮೇಲೆ.

ಹಳಿಗೆ ತಾಗಿದ ಜಾಗವಂತೂ ಬೇಡವೇ ಬೇಡ. ಆ ಯೋಜನೆಯಲ್ಲಿ ಎರಡೂ ಬದಿಗೆ 10 ಮೀಟರ್ ಬಫರ್ (ಕಟ್ಟಡಕ್ಕೆ ನಿರ್ಬಂಧವಿರುವ ಪಟ್ಟಿ) ಇತ್ತು: ಮೊದಲ 5 ಮೀಟರಿನಲ್ಲಿ ಏನೂ ಕಟ್ಟುವಂತಿಲ್ಲ, ಉಳಿದ 5ಕ್ಕೆ ಅನುಮತಿ ಬೇಕು. 10 ಸೆಂಟ್ಸ್ ಅಂದರೆ ಸುಮಾರು 405 ಚದರ ಮೀಟರ್. ಹಳಿಯ ಬದಿ 20 ಮೀಟರ್ ಉದ್ದವಿದ್ದರೆ ಅರ್ಧ ಜಾಗ ಬಫರಿಗೇ ಹೋಯಿತು!

ಮುಂಗಡ ಕೊಡುವ ಮೊದಲು ವಿಲ್ಲೇಜ್ ಆಫೀಸಿನಲ್ಲಿ ರೀಸರ್ವೆ (ಮರು ಅಳತೆಯ) ನಂಬ್ರ, ತೀರ್ವೆ (ಭೂಕಂದಾಯ) ರಶೀದಿ ತಾಳೆ ನೋಡಿ. ಕೃಷಿಭವನದ ಡೇಟಾ ಬ್ಯಾಂಕಿನಲ್ಲಿ (ಗದ್ದೆಗಳ ಪಟ್ಟಿಯಲ್ಲಿ) ಗದ್ದೆ ಎಂದಿದ್ದರೆ ಕೇರಳದ 2008ರ ಗದ್ದೆ ಸಂರಕ್ಷಣಾ ಕಾಯ್ದೆ ಮನೆ ಕಟ್ಟಲು ಅಡ್ಡ ಬರುತ್ತದೆ. ಹೆದ್ದಾರಿ 66ರ ಹತ್ತಿರವಾದರೆ ಸರ್ವಿಸ್ ರಸ್ತೆಗೆ ದಾರಿ ಇದೆಯೇ, ಅಂಡರ್‌ಪಾಸ್ ಎಷ್ಟು ದೂರ ಎಂಬುದನ್ನು ನಡೆದೇ ನೋಡಿ.