ಟೆರಿಕ್ಥಿಯೋಡಿಸ್‌ಗೆ ಇದ್ದದ್ದು ಕೈಯಲ್ಲ

ಟೆರಿಕ್ಥಿಯೋಡಿಸ್ ಮೀನಿನ ಚಿತ್ರದಲ್ಲಿ ಕೈ ಕಾಣಿಸುತ್ತೆ, ನಮ್ಮ ಕೈ ಅದರಿಂದಲೇ ಬಂತಾ ಅಂತ ಕೇಳಿದ್ದೀರಿ. ಇಲ್ಲ. ಅದು ಎದೆಯ ಈಜುರೆಕ್ಕೆ. ಸುತ್ತಲೂ ಮೂಳೆಫಲಕಗಳ ಕವಚ, ನಡುವೆ ಒಂದು ಕೀಲು. ಏಡಿಯ ಕಾಲು ಮುರಿದಿದ್ದರೆ ಗೊತ್ತಿರುತ್ತೆ, ಹೊರಗೆ ಗಟ್ಟಿ, ಒಳಗೆ ಮಾಂಸ. ಹೆಚ್ಚುಕಡಿಮೆ ಹಾಗೆ. ನಮ್ಮ ಕೈಗಳ ಮೂಲ ಬೇರೆ ಗುಂಪಿನ ಮೀನುಗಳು; ಅವುಗಳ ರೆಕ್ಕೆಯಲ್ಲಿ ಮೂಳೆ ಒಳಗೆ, ಮಾಂಸ ಹೊರಗೆ.

ಸುಮಾರು 39 ಕೋಟಿ ವರ್ಷ ಹಿಂದಿನ, ಗೇಣುದ್ದದ ಜೀವಿ ಇದು. ತಲೆ, ಮುಂಡಕ್ಕೆ ಡಬ್ಬಿಯಂಥ ಕವಚ, ಬಾಲಕ್ಕೆ ಹುರುಪೆ ಮಾತ್ರ. ಕಣ್ಣುಗಳು ನೆತ್ತಿಯ ಮೇಲೆ ಒತ್ತೊತ್ತಾಗಿ. ಸ್ಕಾಟ್ಲೆಂಡಿನ ಕ್ರೊಮಾರ್ಟಿಯ ಕೆಂಪು ಮರಳುಗಲ್ಲಿನ ನಾಡಲ್ಲಿ ಇದನ್ನು ಹುಡುಕಿದ ಹ್ಯೂ ಮಿಲ್ಲರ್ ಕಲ್ಲುಕುಟಿಗರಾಗಿ ದುಡಿದವರು. ಪಳೆಯುಳಿಕೆ ಮೀನುಗಳ ತಜ್ಞ ಲೂಯಿ ಅಗಾಸಿ ಇದರ ಒಂದು ಪ್ರಭೇದಕ್ಕೆ ಮಿಲ್ಲರ್ ಅವರದೇ ಹೆಸರಿಟ್ಟರು, ನನಗೆ ತುಂಬ ಇಷ್ಟದ ವಿಷಯ ಅದು.