ರೇಸ್ ಕಾರಲ್ಲಿ ಮಾತಾಡೋಕೆ ವಾಕಿಟಾಕಿ ಸೆಟಪ್ ನಾವೇ ಮಾಡ್ಕೋಬಹುದಾ?

ನೀವು ಕೇಳಿರೋದು ಇಷ್ಟು: ಹವ್ಯಾಸಕ್ಕೆ ರೇಸ್ ಮಾಡ್ತೀವಿ, ಎರಡು ವಾಕಿಟಾಕಿ ತಗೊಂಡು ಹೆಲ್ಮೆಟ್ ಒಳಗೆ ಮೈಕು ಸ್ಪೀಕರು ಅಂಟಿಸಿದ್ವಿ, ಗ್ಯಾರೇಜಲ್ಲಿ ಸೊಗಸಾಗಿ ಕೇಳ್ತು, ಟ್ರ್ಯಾಕಿಗೆ ಇಳಿದ್ರೆ ಬರೀ ಗೊರಗೊರ, ಜಾಸ್ತಿ ವಾಟ್ ಇರೋ ಸೆಟ್ ತಗೋಬೇಕಾ ಅಂತ. ಬೇಡ. ಕೈಯಲ್ಲಿ ಹಿಡಿಯೋ ಸೆಟ್ ಸಾಮಾನ್ಯವಾಗಿ 4-5 ವಾಟ್ ಇರುತ್ತೆ, ಆಂಟೆನಾ ಸರಿ ಇದ್ರೆ ಹೆಚ್ಚಿನ ಟ್ರ್ಯಾಕ್‌ಗಳಿಗೆ ಅಷ್ಟೇ ಸಾಕು. ಗ್ಯಾರೇಜಲ್ಲಿ ಕೇಳಿ ಟ್ರ್ಯಾಕಲ್ಲಿ ಕೇಳಲ್ಲ ಅಂದ್ರೆ ನಾನು ಮೊದಲು ನೋಡೋದು ಕಿವಿ ಮತ್ತೆ ತುಟಿ, ರೇಡಿಯೋ ಆಮೇಲೆ.

ಕಿವಿ ವಿಷಯ ದಯವಿಟ್ಟು ಹಗುರವಾಗಿ ತಗೋಬೇಡಿ. ಒಳಗಿನ ಮ್ಯಾಟು ಸೀಟು ಎಲ್ಲ ಕಿತ್ತಾಕಿರೋ ಕಾರಲ್ಲಿ ಸದ್ದು 100 ಡೆಸಿಬಲ್ ದಾಟೋದು ಮಾಮೂಲಿ. ಕೆಲಸದ ಜಾಗದ ಆರೋಗ್ಯ ನೋಡ್ಕೊಳ್ಳೋ ಅಮೆರಿಕದ ನಯೋಶ್ ಸಂಸ್ಥೆ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು, ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದ ಹಾಗೆ ಅವಧಿ ಅರ್ಧಕ್ಕೆ ಇಳಿಯುತ್ತೆ, 100 ಮುಟ್ಟೋ ಹೊತ್ತಿಗೆ ಉಳಿಯೋದು 15 ನಿಮಿಷ. ನಾನೂ ಮೊದಲು ನಿಮ್ಮ ಥರಾನೇ ಹೆಲ್ಮೆಟ್ ಪ್ಯಾಡ್ ಒಳಗೆ ಚಪ್ಪಟೆ ಸ್ಪೀಕರ್ ಇಟ್ಕೊಂಡಿದ್ದೆ, ಕೇಳ್ಸಲ್ಲ ಅಂತ ವಾಲ್ಯೂಮ್ ಏರಿಸ್ತಾ ಹೋದೆ, ಮಾರನೇ ದಿನ ಸಂಜೆವರೆಗೂ ಕಿವಿ ಗುಂಯ್ ಅಂತಿತ್ತು. ಆ ಸ್ಪೀಕರ್ ಹೊರಗಿನ ಸದ್ದನ್ನ ತಡೆಯೋದೇ ಇಲ್ಲ, ಅದರ ಮೇಲೆ ಇನ್ನೊಂದು ಸದ್ದು ಸೇರಿಸುತ್ತೆ ಅಷ್ಟೇ. ಕಿವಿ ತೂತಲ್ಲಿ ಬಿಗಿಯಾಗಿ ಕೂರೋ ಫೋಮ್ ತುದಿಯ ಇಯರ್‌ಫೋನ್ ಹಾಕಿ, ಸಾಧ್ಯ ಆದ್ರೆ ನಿಮ್ಮ ಕಿವಿ ಅಚ್ಚು ತೆಗೆಸಿ ಮಾಡಿಸಿದ ಸಿಲಿಕೋನ್‌ದು. ಇಂಜಿನ್ ಸದ್ದು ಹೊರಗೇ ನಿಂತ್ರೆ ಸಣ್ಣ ವಾಲ್ಯೂಮಲ್ಲೇ ಪಿಟ್‌ನವರ, ಅಂದ್ರೆ ಟ್ರ್ಯಾಕ್ ಪಕ್ಕ ನಿಂತಿರೋ ನಿಮ್ಮ ತಂಡದವರ, ಮಾತು ಕೇಳುತ್ತೆ.

ಮೈಕ್ ನಾಯ್ಸ್ ಕ್ಯಾನ್ಸಲಿಂಗ್‌ದೇ ಬೇಕು. ಅದಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಿಂಡಿ ಇರುತ್ತೆ, ದೂರದ ಇಂಜಿನ್ ಸದ್ದು ಎರಡೂ ಕಡೆಯಿಂದ ಸಮವಾಗಿ ಬಂದು ಬಹುಪಾಲು ಕಳೆದುಹೋಗುತ್ತೆ, ಹತ್ತಿರದ ಬಾಯಿ ಮಾತು ಒಂದೇ ಕಡೆ ಜೋರಾಗಿ ಬಡಿಯೋದ್ರಿಂದ ಉಳ್ಕೊಳ್ಳುತ್ತೆ. ಹಾಗಾಗಿ ಅದು ತುಟಿಗೆ ತಾಗೋ ಹಾಗೇ ಇರಬೇಕು, ಎರಡು ಬೆರಳು ದೂರ ಹೋದ್ರೂ ಆ ಗುಣ ಹೋಯ್ತು. ಉಲ್ಟಾ ತಿರುಗಿ ಕೂತಿದ್ಯಾ ಅಂತಾನೂ ನೋಡಿ. ಇನ್ನೊಂದು, ರೇಸ್ ಹೆಲ್ಮೆಟ್ ಮೈಕ್‌ಗಳು ಬಹಳಷ್ಟು ಡೈನಾಮಿಕ್ ಜಾತಿ, ಅಗ್ಗದ ವಾಕಿಟಾಕಿ ಬಯಸೋದು ಎಲೆಕ್ಟ್ರೆಟ್ ಮೈಕ್, ನೇರವಾಗಿ ಬೆಸುಗೆ ಹಾಕಿದ್ರೆ ಮಾತು ಪಾತಾಳದಿಂದ ಬಂದ ಹಾಗಿರುತ್ತೆ, ಮಧ್ಯೆ ಮೈಕ್‌ನ ಸಣ್ಣ ಸಿಗ್ನಲ್‌ನ ದೊಡ್ಡದು ಮಾಡೋ ಪುಟ್ಟ ಪ್ರಿಆಂಪ್ ಬೋರ್ಡ್ ಬೇಕಾಗುತ್ತೆ. ವಾಕ್ಸ್, ಅಂದ್ರೆ ಧ್ವನಿ ಕೇಳಿದ ತಕ್ಷಣ ತಾನೇ ಆನ್ ಆಗೋ ಸೌಲಭ್ಯ, ಆಫ್ ಮಾಡಿಬಿಡಿ, ಇಂಜಿನ್ ಸದ್ದಿಗೇ ಅದು ತೆರ್ಕೊಂಡು ಕೂರುತ್ತೆ.

ಮಾತಾಡೋ ಬಟನ್ ಸ್ಟೇರಿಂಗ್ ಮೇಲೆ, ಹೆಬ್ಬೆರಳಿಗೆ ಸಿಗೋ ಕಡೆ, ಸುರುಳಿ ವೈರ್ ಜೊತೆ. ಇಲ್ಲಿ ನನಗಾದದ್ದು ಹೇಳ್ತೀನಿ. ಬಟನ್ ವೈರ್ ಸೀಟ್ ಹಳಿಗೆ ಸಿಕ್ಕಿ ಶಾರ್ಟ್ ಆಗಿ ರೇಡಿಯೋ ಕಳಿಸೋ ಮೋಡಲ್ಲೇ ನಿಂತುಬಿಡ್ತು. ಕಳಿಸ್ತಾ ಇರೋವಾಗ ಅದಕ್ಕೆ ಏನೂ ಕೇಳಲ್ಲ, ಹಿಂದಿಂದ ಹೊಗೆ ಬರ್ತಿದೆ ಒಳಗೆ ಬಾ ಅಂತ ಪಿಟ್‌ನಲ್ಲಿ ಕೂಗ್ತಾನೇ ಇದ್ರು, ನಾನು ಎರಡು ಲ್ಯಾಪ್ ಹಾಗೇ ಓಡಿಸಿದೆ. ಹೆಚ್ಚಿನ ಸೆಟ್‌ಗಳ ಮೆನುವಲ್ಲಿ ಟೈಮ್‌ಔಟ್ ಟೈಮರ್ ಇದೆ, ಅದನ್ನ 30 ಇಲ್ಲ 60 ಸೆಕೆಂಡಿಗೆ ಇಡಿ, ತಾನಾಗೇ ಕಟ್ ಆಗುತ್ತೆ. ರೇಡಿಯೋ ಕೈಕೊಟ್ರೆ ಅಂತ ಕೈ ಸನ್ನೆ, ಪಿಟ್ ಬೋರ್ಡ್ (ಟ್ರ್ಯಾಕ್ ಪಕ್ಕದಿಂದ ತೋರಿಸೋ ಬರಹದ ಹಲಗೆ) ಕೂಡ ಮೊದಲೇ ಮಾತಾಡಿಕೊಂಡಿರಿ.

ಆಂಟೆನಾ ರೋಲ್ ಕೇಜ್ (ಕಾರು ಮಗುಚಿದ್ರೆ ಕಾಪಾಡೋ ಕೊಳವೆ ಚೌಕಟ್ಟು) ಒಳಗಿದ್ರೆ ಸುತ್ತ ಇರೋ ಕಬ್ಬಿಣ ಸಿಗ್ನಲ್ ತಡೆಯುತ್ತೆ, ಚಾವಣಿ ಮೇಲೆ ಹಾಕಿ. ಫ್ರೀಕ್ವೆನ್ಸಿ 450 ಮೆಗಾಹರ್ಟ್ಸ್ ಆದ್ರೆ ಕಾಲು ತರಂಗದ (ತರಂಗದ ಉದ್ದದ ಕಾಲು ಭಾಗದ) ಆಂಟೆನಾ ಕಡ್ಡಿ ಸುಮಾರು 17 ಸೆಂಟಿಮೀಟರ್, 150 ಆದ್ರೆ ಸುಮಾರು 50. ಫೈಬರ್ ಬಾಡಿ ಆದ್ರೆ ಆಂಟೆನಾ ಅಡಿಯಲ್ಲಿ ಲೋಹದ ತಗಡು ಬೇಕು. ಫ್ರೀಕ್ವೆನ್ಸಿ ಮಾತ್ರ ರೇಸ್ ನಡೆಸೋರನ್ನ ಕೇಳಿ, ಲೈಸೆನ್ಸ್ ನಿಯಮ ನೋಡಿಯೇ ಆರಿಸಿ.

ರೇಡಿಯೋನ ಅದರ ಸ್ವಂತ ಬ್ಯಾಟರಿಯಲ್ಲೇ ಓಡಿಸಿ, ಕಾರಿನ ಕರೆಂಟಿಗೆ ಜೋಡಿಸಿದ್ರೆ ಆಲ್ಟರ್ನೇಟರ್‌ನ ಕುಂಯ್ ಸದ್ದು ಆರ್‌ಪಿಎಂ ಜೊತೆ ಏರುತ್ತಾ ಬರಬಹುದು. ಟಿಕ್ ಟಿಕ್ ಅಂತಿದ್ರೆ ಅದು ಸ್ಪಾರ್ಕ್ ಕಡೆಯದು, ರೆಸಿಸ್ಟರ್ ಇರೋ ಸ್ಪಾರ್ಕ್ ಪ್ಲಗ್ ಹಾಕಿ, ಮೈಕ್ ವೈರನ್ನ ಶೀಲ್ಡ್ ಇರೋದು ತಗೊಂಡು ಸ್ಪಾರ್ಕಿಗೆ ಕರೆಂಟ್ ಕೊಡೋ ಕಾಯಿಲ್‌ನಿಂದ ದೂರ ಎಳೀರಿ.

ಬ್ಲೂಟೂತ್ ಆಗಲ್ವಾ ಅಂತ ಅನ್ನಿಸಬಹುದು, ಪಿಟ್‌ವರೆಗೆ ಅದರ ರೇಂಜ್ ಸಾಲಲ್ಲ, ಬಿಟ್ಟುಬಿಡಿ.

ಹೆಲ್ಮೆಟ್‌ಗೆ ಮಾತ್ರ ಡ್ರಿಲ್ ಹಾಕಲೇಬೇಡಿ, ತೂತು ಬಿದ್ರೆ ಚಿಪ್ಪಿನ ಬಲ ಹೋಗುತ್ತೆ, ವೆಲ್ಕ್ರೋ ಸಾಕು. ಹೆಲ್ಮೆಟ್ ವೈರಿನ ಪ್ಲಗ್ ಎಳೆದ ತಕ್ಷಣ ಕಳಚ್ಕೊಳ್ಳೋ ಥರದ್ದಿರಲಿ, ತಿರುಗಿಸಿ ಲಾಕ್ ಮಾಡೋದು ಬೇಡ, ಬೆಂಕಿ ಬಿದ್ದಾಗ ಕಾರಿಂದ ಹಾರಬೇಕಾಗಿರೋದು ನೀವು.

ಎಲ್ಲ ಆದ್ಮೇಲೆ ಗ್ಯಾರೇಜಲ್ಲಿ ಮತ್ತೆ ಸುಮ್ನೆ ಹಲೋ ಹಲೋ ಅನ್ಬೇಡಿ. ಹೆಲ್ಮೆಟ್ ಹಾಕಿ, ಬೆಲ್ಟ್ ಕಟ್ಟಿ, ಇಂಜಿನ್ ರೇಸ್ ಮಾಡಿ, ಪಿಟ್‌ನವರು ಯಾವುದೋ ಹತ್ತು ಅಂಕಿ ಓದಲಿ, ನೀವು ವಾಪಸ್ ಹೇಳಿ, ಆಮೇಲೆ ನೀವು ಓದಿ ಅವರು ಹೇಳಲಿ. ಒಂದು ಅಂಕಿ ತಪ್ಪಿದ್ರೂ ಮೈಕ್ ಜಾಗ ಬದಲಿಸಿ ಮತ್ತೆ ಮೊದಲಿಂದ.